ಪಂಜರದ ಹಕ್ಕಿಗೂ ಒಂದು ರಾತ್ರಿ ಬೇಕು

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಮಗಳ ಹಠಕ್ಕೆ ಸೋತು ತಿಪಟೂರಿನಿಂದ ಒಂದು ಜೊತೆ ಲವ್ ಬರ್ಡ್ಸ್ ತಂದೆ. ಒಂದು ಹಸಿರು, ಒಂದು ನೀಲಿ. ಬಂದವರಿಗೆಲ್ಲ ಕಾಣಲಿ ಅಂತ ಪಂಜರವನ್ನು ಹಾಲ್‌ನಲ್ಲಿ, ಟಿವಿ ಪಕ್ಕದ ಮೊಳೆಗೆ ನೇತುಹಾಕಿದೆವು. ಮೂರು ತಿಂಗಳಿಗೆ ನೀಲಿ ಹಕ್ಕಿ ಸತ್ತುಹೋಯಿತು.

ಆ ರಾತ್ರಿ ನಾನು ಮನೆ ಸೇರಿದಾಗ ಹನ್ನೊಂದು ದಾಟಿತ್ತು. ಹೈವೇ ಅಪಘಾತದ ಸುದ್ದಿ ಕಳಿಸಬೇಕಿತ್ತು. ಟ್ಯೂಬ್‌ಲೈಟ್ ಹಾಕಿಕೊಂಡು ಪಂಜರದ ಕೆಳಗೇ ಕೂತು ಫೋನಿನಲ್ಲಿ ಟೈಪ್ ಮಾಡಿದೆ. ಒಂದು ಗಂಟೆಗೆ ತ್ರೀಫೇಸ್ ಕರೆಂಟ್ ಬಂತು. ಅಪ್ಪ ಎದ್ದು ಮತ್ತೆ ಲೈಟ್ ಹಾಕಿ, ಟಾರ್ಚ್ ಹುಡುಕಿಕೊಂಡು ಮೋಟರ್ ಹಾಕಲು ತೋಟಕ್ಕೆ ಹೋದರು. ಅದಾದ ಮೇಲೆ ಕಿಟಕಿಗೆ ಬೆಕ್ಕು ಬಂತು. ಕತ್ತಲಲ್ಲಿ ಪಂಜರದೊಳಗೆ ಪಟಪಟ ಸದ್ದು. ಬೆಕ್ಕನ್ನು ಓಡಿಸಿ ಮಲಗಿಬಿಟ್ಟೆ. ಹಕ್ಕಿಯನ್ನು ನೋಡಲಿಲ್ಲ. ಬೆಳಿಗ್ಗೆ ನೋಡಿದ್ದು ಮಗಳು. ರೆಕ್ಕೆಯ ಬುಡದಲ್ಲಿ ರಕ್ತ, ಪಂಜರದ ತಳದಲ್ಲಿ ಬಿದ್ದಿತ್ತು.

ಪಶು ಆಸ್ಪತ್ರೆಯ ಡಾಕ್ಟರಿಗೆ ವಿಷಯ ಹೇಳಿದೆ. ಅವರು ಕೇಳಿದ್ದು ಒಂದೇ: “ದಿನಾ ರಾತ್ರಿ ಎಷ್ಟು ಹೊತ್ತಿಗೆ ಕತ್ತಲು ಮಾಡ್ತಿದ್ರಿ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಳು ಎಷ್ಟು ಹಾಕಬೇಕು ಅಂತ ಅಂಗಡಿಯವನನ್ನು ಕೇಳಿದ್ದೆ. ನಿದ್ದೆ ಎಷ್ಟು ಬೇಕು ಅಂತ ಕೇಳಿರಲೇ ಇಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ಮಾತು ಇಷ್ಟೇ: ಕತ್ತಲು ಕೊಡಲಾಗದ ಮನೆಗೆ ಹಕ್ಕಿ ತರಬೇಡಿ. ಈಗಾಗಲೇ ತಂದಿದ್ದರೆ ಇವತ್ತೇ ಪಂಜರದ ಜಾಗ ಬದಲಿಸಿ.

ನಮ್ಮ ಕಡೆ ಲವ್ ಬರ್ಡ್ಸ್ ಅಂತ ಮಾರುವುದು ಹೆಚ್ಚಾಗಿ ಬಜರಿಗರ್ ಹಕ್ಕಿಯನ್ನು. ಅದು ಆಸ್ಟ್ರೇಲಿಯಾದ ಒಣ ಬಯಲಿನ ಪುಟ್ಟ ಗಿಳಿ. ಅಲ್ಲಿ ಗುಂಪಾಗಿ ಬದುಕುತ್ತದೆ, ಹೊತ್ತು ಮುಳುಗಿದರೆ ಮರ ಸೇರುತ್ತದೆ, ಹೊತ್ತು ಹುಟ್ಟಿದರೆ ಏಳುತ್ತದೆ. ಪಂಜರದಲ್ಲೇ ಹುಟ್ಟಿದ ಮರಿಗೂ ಆ ಲೆಕ್ಕ ಮೈಯಲ್ಲೇ ಇರುತ್ತದೆ. ದಿನಕ್ಕೆ 10ರಿಂದ 12 ಗಂಟೆ ಸದ್ದಿಲ್ಲದ ಕತ್ತಲು ಅದಕ್ಕೆ ಬೇಕು. ನಮ್ಮ ಮನೆಯಲ್ಲಿ ಸಿಗುತ್ತಿದ್ದುದು ಹೆಚ್ಚೆಂದರೆ ಐದು ಗಂಟೆ, ಅದೂ ಹರಿದು ಚೂರಾದದ್ದು.

“ಟಿವಿ ಓಡುತ್ತಿದ್ದರೂ ಕಣ್ಣು ಮುಚ್ಚಿ ಕೂತಿರುತ್ತಲ್ಲ?” ಅಂತ ಕೇಳುವವರಿದ್ದಾರೆ. ಹಕ್ಕಿಗಳ ನಿದ್ದೆ ನಮ್ಮದರಂತಲ್ಲ. ಮಿದುಳಿನ ಅರ್ಧ ಭಾಗ ಮಲಗಿ, ಇನ್ನರ್ಧ ಎಚ್ಚರವಾಗಿ, ಒಂದು ಕಣ್ಣು ತೆರೆದುಕೊಂಡೇ ಇರಬಲ್ಲವು. ಬಾತುಕೋಳಿಗಳು ಸಾಲಾಗಿ ಮಲಗಿದಾಗ ತುದಿಯಲ್ಲಿರುವವು ಹೊರಗಿನ ಕಡೆಯ ಕಣ್ಣನ್ನು ತೆರೆದು ಕಾವಲು ಕಾಯುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಟಿವಿ ಪಕ್ಕದ ಪಂಜರದ ಹಕ್ಕಿಗೆ ದಿನಾ ರಾತ್ರಿ ಅದೇ ತುದಿಯ ಜಾಗ. ಕಾವಲು ಬದಲಿಸಲು ಇನ್ನೊಬ್ಬರಿಲ್ಲ.

ಕೋಳಿ ಫಾರಂ ಇಟ್ಟವರಿಗೆ ಬೆಳಕಿನ ಶಕ್ತಿ ಗೊತ್ತು. ಮೊಟ್ಟೆ ಕೋಳಿಗೆ ದಿನಕ್ಕೆ ಸುಮಾರು 16 ಗಂಟೆ ಬೆಳಕು ಕೊಡುತ್ತಾರೆ. ಬೆಳಕು ಹೆಚ್ಚಾದರೆ ಹಕ್ಕಿಯ ಮೈ ಅದನ್ನು ಮೊಟ್ಟೆ ಇಡುವ ಕಾಲ ಅಂತ ತಿಳಿಯುತ್ತದೆ. ನಡುರಾತ್ರಿವರೆಗೂ ಲೈಟ್ ಉರಿಯುವ ಮನೆಯಲ್ಲಿ ಹೆಣ್ಣು ಲವ್ ಬರ್ಡ್‌ಗೂ ಹಾಗೇ ಆಗಬಹುದು. ಮೇಲಿಂದ ಮೇಲೆ ಮೊಟ್ಟೆ ಇಟ್ಟು ಮೈಯ ಸುಣ್ಣದ ಅಂಶ ಬರಿದಾಗುತ್ತದೆ, ಮೊಟ್ಟೆ ಒಳಗೇ ಸಿಕ್ಕಿಕೊಂಡು ಸಾಯುವುದೂ ಉಂಟು. ಫಾರಂನವರು ಲೆಕ್ಕ ಹಾಕಿ ಲೈಟ್ ಹಾಕುತ್ತಾರೆ. ನಾವು ಲೆಕ್ಕವಿಲ್ಲದೆ ಹಾಕುತ್ತೇವೆ.

ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದು ಅಂದುಕೊಂಡಿದ್ದ ಅಜ್ಜಿಯ ಕಥೆ ಕೇಳಿ ನಕ್ಕಿದ್ದೇವೆ. ನಾವೀಗ ನಮ್ಮ ಸ್ವಿಚ್ ಆರಿಸಿದರೇ ರಾತ್ರಿ ಅಂದುಕೊಂಡಿದ್ದೇವೆ.

ಏನು ಮಾಡಬೇಕು? ಖರ್ಚಿನ ಕೆಲಸ ಯಾವುದೂ ಅಲ್ಲ. ಹಗಲು ಪಂಜರ ಜಗಲಿಯಲ್ಲಿರಲಿ, ಸಂಜೆ ಏಳರೊಳಗೆ ಒಳಗಿನ ರೂಮಿಗೆ ಹೋಗಲಿ. ಬೆಕ್ಕು, ಇಲಿ, ಹಾವು ಬಾರದ ಜಾಗ ನೋಡಿ. ಹಳೇ ಕಾಟನ್ ಪಂಚೆ ಹೊದಿಸಿ, ಗಾಳಿಗೆ ಒಂದು ಬದಿ ಬಿಡಿ. ಅಡುಗೆಮನೆ ಬೇಡ, ಹತ್ತಿರ ಸೊಳ್ಳೆ ಬತ್ತಿಯೂ ಬೇಡ, ಹಕ್ಕಿಯ ಶ್ವಾಸಕೋಶ ಹೊಗೆ ತಡೆಯುವುದಿಲ್ಲ. ಗವ್ವೆನ್ನುವ ಕತ್ತಲಲ್ಲಿ ಬೆದರುವ ಹಕ್ಕಿಯಾದರೆ ದೂರದಲ್ಲೊಂದು ಜೀರೋ ಬಲ್ಬ್ ಸಾಕು. ರಾತ್ರಿ ಪಟಪಟ ಸದ್ದು ಕೇಳಿದರೆ ಸಣ್ಣ ಬೆಳಕು ಮಾಡಿ, ಮೆಲ್ಲಗೆ ಮಾತಾಡಿಸಿ, ಗಾಯ ಆಗಿದೆಯಾ ಅಂತ ನೋಡಿ ಆಮೇಲೆ ಮಲಗಿ. ನಾನು ಮಾಡದೇ ಹೋದದ್ದು ಅದನ್ನೇ.

ಒಂದು ಕಾಲು ಮೇಲೆತ್ತಿ, ಕೊಕ್ಕನ್ನು ಬೆನ್ನಿನ ಗರಿಯಲ್ಲಿ ಹುದುಗಿಸಿ ಮಲಗಿದ್ದರೆ ಗಾಬರಿ ಬೇಡ, ಅದು ಒಳ್ಳೇ ನಿದ್ದೆ. ಹಗಲಲ್ಲೂ ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿದ್ದರೆ ಮಾತ್ರ ತಡಮಾಡದೆ ಡಾಕ್ಟರ ಹತ್ತಿರ ಒಯ್ಯಿರಿ.

ನಮ್ಮ ತೋಟದ ಹಸಿರು ಗಿಳಿಯ ವಿಷಯ ಬೇರೆ. ಅದನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಸಂಜೆ ಗುಂಪುಗುಂಪಾಗಿ ಕಿರುಚುತ್ತಾ ಹಾರಿ ಬಂದು ಒಂದೇ ಮರದಲ್ಲಿ ರಾತ್ರಿ ಕಳೆಯುವ ಹಕ್ಕಿ ಅದು. ಅದಕ್ಕೆ ಯಾವ ಪಂಚೆ ಹೊದಿಸಿದರೂ ಆ ರಾತ್ರಿ ಸಿಗುವುದಿಲ್ಲ.

ಇದನ್ನು ಬರೆಯುತ್ತೇನೆ ಅಂದಾಗ ಟೀ ಅಂಗಡಿಯಲ್ಲಿ ಗೆಳೆಯನೊಬ್ಬ, “ರೈತನಿಗೇ ನಿದ್ದೆ ಇಲ್ಲ, ನೀನು ಹಕ್ಕಿ ನಿದ್ದೆ ಬರೀತೀಯಾ?” ಅಂದ. ಅವನ ಮಾತು ಸುಳ್ಳಲ್ಲ. ರಾತ್ರಿ ಬೇಡ, ಹಗಲು ತ್ರೀಫೇಸ್ ಕೊಡಿ ಅಂತ ರೈತರು ಕೇಳಿದ ಸುದ್ದಿಯನ್ನು ನಾನೇ ಎಷ್ಟು ಸಲ ಬರೆದಿದ್ದೇನೋ. ನಿದ್ದೆಗೆಟ್ಟರೆ ಮೈ ಏನಾಗುತ್ತದೆ ಅಂತ ನಮ್ಮಷ್ಟು ಬಲ್ಲವರು ಯಾರು? ಆದರೆ ನಮಗೆ ಬಾಯಿದೆ, ಕಚೇರಿ ಮುಂದೆ ಕೂತು ಕೇಳುತ್ತೇವೆ. ಹಕ್ಕಿಯ ಕರೆಂಟ್ ನಮ್ಮ ಕೈಯಲ್ಲೇ ಇದೆ. ಅದನ್ನು ಆರಿಸಲು ಯಾರ ಆದೇಶವೂ ಬೇಕಿಲ್ಲ.

ಗುಂಪಿನ ಹಕ್ಕಿ ಒಂಟಿಯಾಗಿರಬಾರದು ಅಂತ ಹಸಿರಿಗೆ ಜೊತೆಯಾಗಿ ಇನ್ನೊಂದನ್ನು ತಂದೆವು. ಈ ಸಲ ಮೊದಲು ಜಾಗ ನೋಡಿ, ಆಮೇಲೆ ತಂದದ್ದು. ಕತ್ತಲಾದ ಮೇಲೆ ಪಂಚೆಯೊಳಗಿಂದ ಕರಕರ ಅಂತ ಸಣ್ಣ ಸದ್ದು ಬರುತ್ತದೆ. ನೆಮ್ಮದಿಯಾಗಿ ನಿದ್ದೆಗೆ ಜಾರುವಾಗ ಈ ಹಕ್ಕಿಗಳು ಹಾಗೆ ಕೊಕ್ಕು ಮಸೆಯುತ್ತವೆ. ಮೊದಲ ಮೂರು ತಿಂಗಳಲ್ಲಿ ಒಂದು ದಿನವೂ ಆ ಸದ್ದು ನಮ್ಮ ಕಿವಿಗೆ ಬಿದ್ದಿರಲಿಲ್ಲ. ಈಗ ನಾನು ತಡವಾಗಿ ಬಂದು ಜೋರಾಗಿ ಫೋನಿನಲ್ಲಿ ಮಾತಾಡಿದರೆ ಮಗಳು ಒಳಗಿಂದಲೇ ಗದರುತ್ತಾಳೆ: “ಅಪ್ಪಾ, ಮೆಲ್ಲಗೆ. ಅವು ಮಲಗಿವೆ.”