ಪ್ರತಿಬಂಧ ಎಂದರೆ ‘ಆದಮ್ಯಾಲ’ ಅಲ್ಲ

ಹಾಸ್ಟೆಲಿನ ಗೆಳೆಯರೇ,

1989ರ ದೌರ್ಜನ್ಯ ಕಾಯ್ದೆಯ ಹೆಸರನ್ನು ಪೂರ್ತಿ ಓದಿರಿ. ‘ದೌರ್ಜನ್ಯ ಪ್ರತಿಬಂಧ’ ಎಂದಿದೆ. ಪ್ರತಿಬಂಧ ಎಂದರೆ ಅಡ್ಡಗಟ್ಟುವುದು, ಆಗುವ ಮೊದಲೇ ತಡೆಯುವುದು. ಆದರೆ ಬೆದರಿಕೆ ಹಾಕ್ಯಾರ ಎಂದು ನಮ್ಮವರು ಠಾಣೆಯ ಮೆಟ್ಟಿಲು ಹತ್ತಿದರೆ ಸಿಗುವ ಉತ್ತರ ಯಾವುದು? ‘ಏನಾರ ಆಗೈತೇನು? ಆದಮ್ಯಾಲ ಬರ್ರಿ.’

ಮಲಪ್ರಭೆಯ ದಂಡೆಯ ಕೊಣ್ಣೂರಿನವರನ್ನು ಕೇಳಿರಿ. 2019ರ ಆಗಸ್ಟಿನಲ್ಲಿ ಹೊಳೆ ಊರೊಳಗೇ ನುಗ್ಗಿತ್ತು. ಹೊಳಿಗೆ ಒಡ್ಡು ಯಾವಾಗ ಹಾಕಬೇಕು? ಮನಿ ಬಿದ್ದಮ್ಯಾಲೇನು? ಅಕ್ಷರ ಬಾರದ ನಮ್ಮ ಮುದುಕಿಗೂ ತಿಳಿಯುವ ಈ ಮಾತು ಸರಕಾರಕ್ಕೆ ತಿಳಿಯುವುದಿಲ್ಲವೆ?

ತಿಳಿದದ. ಚಲೋತ್ನಾಗೇ ತಿಳಿದದ! 1871ರಲ್ಲಿ ಬ್ರಿಟಿಷರು ಇಡೀ ಜಾತಿಗಳನ್ನೇ ಅಪರಾಧಿಗಳೆಂದು ಕರೆಯುವ ಕಾಯ್ದೆ ತಂದರು. ಮುಂದೆ ಹುಬ್ಬಳ್ಳಿ, ಗದಗಿನ ಸೆಟ್ಲಮೆಂಟುಗಳಲ್ಲಿ ಗಂಟಿಚೋರರು, ಹರಣಶಿಕಾರಿಗಳು, ಕೊರವರನ್ನು ಕೂಡಿಹಾಕಿ ಹಾಜರಿ ಕೂಗಿದರು. ಕದ್ದಿದ್ದಾರೆಂದಲ್ಲ, ಕದ್ದಾರು ಎಂದು! 1952ರಲ್ಲಿ ಆ ಕಾಯ್ದೆ ಹೋಯಿತು. 1961ರಲ್ಲಿ ನಮ್ಮದೇ ರಾಜ್ಯ ‘ರೂಢಿಗತ ಅಪರಾಧಿ’ ಎಂಬ ಹೊಸ ಹೆಸರಿನ ಕಾಯ್ದೆ ಮಾಡಿತು.

ಅಂದರೆ ಬಡವನ ಮೇಲೆ ಅನುಮಾನವಿದ್ದರೆ ಪ್ರತಿಬಂಧ ‘ಮೊದಲು’. ಬಡವನ ಮೇಲೆ ಕೊಡಲಿ ಎತ್ತಿದರೆ ಪ್ರತಿಬಂಧ ‘ಆಮೇಲೆ’. ಚಹಾದಂಗಡಿಯಲ್ಲಿ ಎರಡು ಲೋಟ ಇಟ್ಟವರು ಶಬ್ದಕ್ಕೂ ಎರಡು ಅರ್ಥ ಇಟ್ಟರು.

ಪಕ್ಕದ ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ದಲಿತರ ಗುಡಿಸಲಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ತಿಂಗಳೊಳಗೆ ಹೈಕೋರ್ಟು ಬಹುತೇಕರಿಗೆ ಜಾಮೀನು ಕೊಟ್ಟಿತು. ತೀರ್ಪು ದೊಡ್ಡದೇ, ಒಪ್ಪುತ್ತೇವೆ. ಆದರೆ ಅದು ಹತ್ತು ವರ್ಷದ ಮೇಲಿನ ಶಿಕ್ಷೆ, ಪ್ರತಿಬಂಧವಲ್ಲ. ಸುಟ್ಟ ಗುಡಿಸಲಿಗೆ ತೀರ್ಪು ಹೊದಿಸಲಾಗುವುದಿಲ್ಲ.

ದಾರಿ ಕಾನೂನಿನಲ್ಲೇ ಇದೆ. 1995ರ ನಿಯಮಗಳ 3ನೆಯದು ಹೇಳುತ್ತದೆ: ದೌರ್ಜನ್ಯ ನಡೆಯಬಹುದಾದ ಊರುಗಳನ್ನು ಮೊದಲೇ ಗುರುತಿಸಿರಿ, ಬಂದೂಕಿನ ಲೈಸೆನ್ಸು ರದ್ದು ಮಾಡಿರಿ. 17ನೆಯದು ಹೇಳುತ್ತದೆ: ಜಿಲ್ಲಾ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಲಿ. ಕರ್ತವ್ಯ ಬೇಕಂತಲೇ ಕಡೆಗಣಿಸಿದ, ಪರಿಶಿಷ್ಟ ಜಾತಿ, ಪಂಗಡದವನಲ್ಲದ ಅಧಿಕಾರಿಗೆ ಕಾಯ್ದೆಯ 4ನೇ ಕಲಮು ಆರು ತಿಂಗಳಿಂದ ಒಂದು ವರ್ಷದ ಸಜೆ ಇಟ್ಟಿದೆ.

ಗೆಳೆಯರೇ, ಪರೀಕ್ಷೆಗೆ ನೋಟ್ಸು ಬಾಯಿಪಾಠ ಮಾಡುತ್ತೇವೆ. ಈ ಮೂರು ಅಂಕಿಗಳನ್ನೂ ಮಾಡೋಣ: 3, 17, 4. ನಮ್ಮ ಜಿಲ್ಲೆಯಲ್ಲಿ ಯಾವ ಊರು ಗುರುತಿಸಿದ್ದೀರಿ, ಸಮಿತಿ ಎಂದು ಸೇರಿತ್ತು ಎಂದು ಅರ್ಜಿ ಹಾಕಿ ಕೇಳೋಣ. ‘ಆದಮ್ಯಾಲ ಬರ್ರಿ’ ಎಂದರೆ ಜಗಳ ಬೇಡ. ಹಾಳೆ, ಪೆನ್ನು ಮುಂದಿಟ್ಟು ಹೇಳೋಣ:

‘ಸಾಹೇಬ್ರ, ಈಗ ಅಂದ ಮಾತನ್ನ ಬರದು, ಸಹಿ ಮಾಡಿ ಕೊಡ್ರಿ.’