ಕ್ಷಯದ ಸಾವಿಗೆ ರೋಗಿಯೇ ಹೊಣೆಯೇ?

ಕ್ಷಯಕ್ಕೆ ಮಾತ್ರೆ ಉಚಿತ, ಆರು ತಿಂಗಳು ನುಂಗಿದರೆ ಗುಣ, ಆದ್ದರಿಂದ ಈಗ ಸಾಯುವವರು ಅರ್ಧದಲ್ಲೇ ಔಷಧ ಬಿಟ್ಟವರು ಎಂಬುದು ಮೊನ್ನೆ ಪ್ರಕಟವಾದ ಲೇಖನವೊಂದರ ವಾದ. ಮೊದಲೆರಡು ಮಾತು ಸರಿ. ಮೂರನೆಯದು ತಪ್ಪು.

ಕ್ಷಯದ ಬಹಳಷ್ಟು ಸಾವುಗಳು ಚಿಕಿತ್ಸೆಯ ಮೊದಲೆರಡು ತಿಂಗಳಲ್ಲೇ ಆಗುತ್ತವೆ. ಮಾತ್ರೆ ಬಿಡುವಷ್ಟು ಕಾಲವೂ ಆ ರೋಗಿಗಳಿಗೆ ಸಿಕ್ಕಿರುವುದಿಲ್ಲ! ಇದಕ್ಕೆ ದೊಡ್ಡ ಕಾರಣ ಹಸಿವಿನಿಂದ ಸೊರಗಿದ ದೇಹ. ಪುರಾವೆಗೆ ಕಾಸರಗೋಡು ಜಿಲ್ಲೆಯ ಬದಿಯಡ್ಕದವರಾದ ನಾವು ದೂರ ಹೋಗಬೇಕಿಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನ 4 ಜಿಲ್ಲೆಗಳಲ್ಲಿ ರೋಗಿಗಳಿಗೆ ಔಷಧದ ಜೊತೆ ಆಹಾರದ ಕಿಟ್ ಕೊಟ್ಟು, ಫಲಿತಾಂಶವನ್ನು 2023ರಲ್ಲಿ ಪ್ರಕಟಿಸಿದರು. ಎರಡು ತಿಂಗಳಲ್ಲಿ ತೂಕ ಶೇ. 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ. 61ರಷ್ಟು ಕಡಿಮೆ. ಮನೆಯವರಿಗೂ ಆಹಾರ ಕೊಟ್ಟಲ್ಲಿ ಹೊಸ ಕ್ಷಯ ಶೇ. 39ರಷ್ಟು ತಗ್ಗಿತು. ಉಪದೇಶದಿಂದಲ್ಲ, ಅಕ್ಕಿ-ಬೇಳೆಯಿಂದ.

ಹಸಿವಿನ ಪಾತ್ರವನ್ನು ಸರ್ಕಾರವೂ ಒಪ್ಪಿದೆ. ರೋಗಿಗೆ ಪೋಷಣೆಗೆಂದು ಕೊಡುವ ತಿಂಗಳ 500 ರೂಪಾಯಿ 2024ರ ನವೆಂಬರ್‌ನಿಂದ 1,000 ಆಗಿದೆ. ಲೇಖಕರಿಗೆ ಇದು ಕಾಣಲಿಲ್ಲವೇ? ರೋಗಿಯ ಆರು ತಿಂಗಳ ಶಿಸ್ತನ್ನು ಎಣಿಸುವ ಅವರು, 2013ರಲ್ಲಿ ಶಂಕುಸ್ಥಾಪನೆಯಾದ ಪಕ್ಕದ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕೆಲಸ ಎಷ್ಟು ವರ್ಷ ಎಳೆಯಿತೆಂದು ಎಣಿಸುವುದಿಲ್ಲ.

ಓದುಗರಲ್ಲಿ ಒಂದೇ ವಿನಂತಿ: ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದೂ ಉಚಿತ.