ಅಂಜುವ ನಾಯಿ ಹೇಡಿಯಲ್ಲ

ದೀಪಾವಳಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಪಟಾಕಿಯ ಸದ್ದಿಗೆ ಅವನ ನಾಯಿ ಮಂಚದ ಕೆಳಗೆ ಸೇರಿಕೊಂಡು ಅನ್ನ ಮುಟ್ಟಿರಲಿಲ್ಲವಂತೆ. "ಹೇಡಿ ನಾಯಿ ಸಾರ್, ನಾಲ್ಕು ಬಿಗಿದು ಅಂಗಳದಲ್ಲಿ ಕಟ್ಟಿದರೆ ತಾನಾಗಿ ಸರಿಹೋಗುತ್ತೆ" ಎಂದ. ಗದರಿಸಲು ನನಗೆ ಬಾಯಿ ಬರಲಿಲ್ಲ. ಬೆತ್ತದಿಂದ ಎಲ್ಲವೂ ಸರಿಹೋಗುತ್ತದೆಂಬ ಪಾಠವನ್ನು ಅವನಿಗೆ ಕಲಿಸಿದವರಲ್ಲಿ ನಾನೂ ಒಬ್ಬ.

ಆದರೂ ಹೇಳಲೇಬೇಕು: ಇದು ಶುದ್ಧ ತಪ್ಪು.

ನಾಯಿ ಅಂಜುವುದು ಸ್ವಭಾವದ ದೋಷದಿಂದಲ್ಲ, ಕಾರಣಗಳಿಂದ. "ಯಾರೋ ಹೊಡೆದಿರಬೇಕು" ಎಂಬ ವಿವರಣೆಯೂ ಅರ್ಧಸತ್ಯವೇ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ವರ್ಷಗಟ್ಟಲೆ ನಾಯಿಮರಿಗಳನ್ನು ಅಭ್ಯಸಿಸಿ 1965ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಸುಮಾರು 3ರಿಂದ 12ನೆಯ ವಾರದವರೆಗಿನ ಅವಧಿಯಲ್ಲಿ ಮರಿಯು ಲೋಕದ ಪರಿಚಯ ಮಾಡಿಕೊಳ್ಳುತ್ತದೆ. 1961ರಲ್ಲಿ ಪ್ರಕಟವಾದ ಅಲ್ಲಿನದೇ ಪ್ರಯೋಗವೊಂದರಲ್ಲಿ, 14 ವಾರಗಳವರೆಗೆ ಮನುಷ್ಯರ ಒಡನಾಟವಿಲ್ಲದೆ ಬೆಳೆದ ಮರಿಗಳು ಕಾಡುಪ್ರಾಣಿಗಳಂತೆ ಬೆದರಿ ಓಡಿದವು. ಅವುಗಳನ್ನು ಯಾರೂ ಹೊಡೆದಿರಲಿಲ್ಲ. ಇದಲ್ಲದೆ ಅನುವಂಶೀಯತೆಯುಂಟು, ಒಂದೇ ಒಂದು ಕಹಿ ಅನುಭವವುಂಟು, ಹೇಳಿಕೊಳ್ಳಲಾಗದ ಕಿವಿನೋವು, ಕೀಲುನೋವುಗಳುಂಟು.

"ಹೊಡೆದ ಮೇಲೆ ಸುಮ್ಮನಾಯಿತಲ್ಲ?" ಎನ್ನುವಿರಿ. 1967ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸೆಲಿಗ್ಮನ್ ಮತ್ತು ಸಂಗಡಿಗರು ತೋರಿಸಿದ್ದನ್ನು ಕೇಳಿ. ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತಕ್ಕೆ ಗುರಿಯಾದ ನಾಯಿಗಳಲ್ಲಿ ಹೆಚ್ಚಿನವು, ಮುಂದೆ ಪಾರಾಗುವ ದಾರಿ ತೆರೆದಿದ್ದರೂ ಏಳದೆ ಬಿದ್ದುಕೊಂಡವು. ಪೆಟ್ಟಿನಿಂದ ಬಂದ ಮೌನ ಧೈರ್ಯವಲ್ಲ, ಹತಾಶೆ.

ನಮ್ಮ ಬಂಧುಗಳಿಗೆ ಕರಿಯನ ನೆನಪಿದ್ದೀತು. ತೋಟದ ಮೂಲೆಯಲ್ಲಿ ಕಟ್ಟಿಹಾಕಿ ಸಾಕಿದ್ದ ಅದನ್ನು ಆರನೆಯ ತಿಂಗಳಿಗೆ ಮನೆಗೆ ತಂದೆವು. ಬಿಚ್ಚಿದ ಕೊಡೆ ಕಂಡರೆ ನಡುಗುತ್ತಿತ್ತು. ಅಂಜಿಕೆ ಬಿಡಿಸಲೆಂದು ನಾನು ಅದೇ ಕೊಡೆಯಿಂದ ಹೊಡೆದೆ. ಒಂದು ಮಳೆಗಾಲದ ಸಂಜೆ ಮೂಲೆಗೆ ಸಿಕ್ಕಿಕೊಂಡು ತಂಗಿಯ ಮಗನ ಕೈ ಕಚ್ಚಿತು. ಕೃತಘ್ನ ಪ್ರಾಣಿಯೆಂದು ಊರಾಚೆ ಬಿಟ್ಟುಬರಲು ಹೇಳಿದವನೂ ನಾನೇ. ಆ ಕಡಿತಕ್ಕೆ ಹೊಣೆ ಯಾರೆಂದು ಅಂದು ಯಾರೂ ನನ್ನನ್ನು ಕೇಳಲಿಲ್ಲ.

ಕಚ್ಚುವ ನಾಯಿಯನ್ನು ಮುದ್ದಿಸಬೇಕೆಂದು ನಾನು ಹೇಳುತ್ತಿಲ್ಲ. ಕಡಿತವಾದರೆ ಗಾಯವನ್ನು 15 ನಿಮಿಷ ಸೋಪು ನೀರಿನಿಂದ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು; ನಾಯಿಗೂ ರೇಬೀಸ್ ಲಸಿಕೆ ಹಾಕಿಸಬೇಕು. ಆದರೆ ಹೆದರಿದ ನಾಯಿಯನ್ನು ಮೂಲೆಗೊತ್ತಿ ಹೊಡೆಯುವವನು ಮುಂದಿನ ಕಡಿತಕ್ಕೆ ತಾನೇ ಸಿದ್ಧತೆ ಮಾಡುತ್ತಾನೆ.

ಆ ವಿದ್ಯಾರ್ಥಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮರಿ ಎಳೆಯದಿರುವಾಗಲೇ ಜನ, ಸದ್ದು, ಕೊಡೆ, ವಾಹನಗಳನ್ನು ಮೆಲ್ಲನೆ ಪರಿಚಯಿಸಿ. ಬೆಳೆದ ನಾಯಿ ಹಠಾತ್ತನೆ ಅಂಜತೊಡಗಿದರೆ ಪಶುವೈದ್ಯರಿಗೆ ತೋರಿಸಿ. ಪಟಾಕಿಯ ದಿನ ಕಿಟಕಿ ಮುಚ್ಚಿ, ಮಂಚದ ಕೆಳಗಿನ ಜಾಗವನ್ನು ಅದಕ್ಕೆ ಬಿಟ್ಟುಕೊಡಿ, ಹತ್ತಿರ ಕುಳಿತಿರಿ. ಇಷ್ಟನ್ನು ಕರಿಯನಿಗೆ ನಾನು ಮಾಡಲಿಲ್ಲ. ನೀವು ಮಾಡಿ.